ಸೋಫಾ ಬಿಡದ ನಾಯಿ, ನಾಲ್ಕು ಗಂಟೆಯ ಬೈಗುಳ

ಡೊಂಬಿವಲಿಯ ನಮ್ಮ ಮನೆಯಲ್ಲಿ ಅತ್ತೆ ಮಧ್ಯಾಹ್ನ ಮಲಗಿ ಏಳುವುದು ಸರಿಯಾಗಿ ನಾಲ್ಕಕ್ಕೆ. ಎದ್ದವರೇ ಹಾಲ್‌ಗೆ ಬಂದು, ಸೋಫಾದ ಮೇಲೆ ಕಾಲು ಚಾಚಿದ ಕರಿಯನಿಗೆ 'ಇಳಿಯೋ ಕೆಳಗೆ!' ಎಂದು ಗದರುತ್ತಿದ್ದರು. ಎರಡೇ ವಾರ. ಕರಿಯ ಮೂರೂ ಐವತ್ತಕ್ಕೆ ತಾನೇ ಇಳಿದು, ಬಾಗಿಲ ಪಕ್ಕ ಸಾಧುವಿನ ಹಾಗೆ ಕೂರತೊಡಗಿದ. 'ನೋಡು, ಬುದ್ಧಿ ಬಂತು' ಎಂದರು ಅತ್ತೆ. ಅವರು ಚಹಾ ಮಾಡಲು ಒಳಗೆ ಹೋದದ್ದೇ ತಡ, ಮತ್ತೆ ಸೋಫಾ.

ಬುದ್ಧಿ ಬಂದದ್ದು ನಿಜ. ಆದರೆ ಅದು ಗಡಿಯಾರದ ಬುದ್ಧಿ. ಅಮೆರಿಕದ ಮನಶ್ಶಾಸ್ತ್ರಜ್ಞ ನಾಥನ್ ಆಜ್ರಿನ್ 1956ರಲ್ಲೇ ಪಾರಿವಾಳಗಳಲ್ಲಿ ಇದನ್ನು ತೋರಿಸಿದ್ದರು. ಕಾಳಿನ ಆಸೆಗೆ ಬಟನ್ ಕುಕ್ಕುವ ಹಕ್ಕಿಗೆ ಗೊತ್ತಾದ ಅಂತರದಲ್ಲಿ ಶಾಕ್ ಕೊಟ್ಟರೆ, ಆ ಹೊತ್ತು ಹತ್ತಿರವಾದಂತೆ ಕುಕ್ಕುವುದು ಕಡಿಮೆಯಾಗುತ್ತಿತ್ತು. ಅಂತರ ಏರುಪೇರಾದರೆ ಉದ್ದಕ್ಕೂ ಒಂದೇ ಸಮ ತಗ್ಗಿರುತ್ತಿತ್ತು. ಹಾಗಾದರೆ ಹೊತ್ತುಗೊತ್ತಿಲ್ಲದೆ ಬೈಯೋಣ ಅನ್ನಬೇಡಿ. ಏಟು ಯಾವಾಗ ಬೀಳುತ್ತದೋ ತಿಳಿಯದ ನಾಯಿ ಹೆದರಿಕೊಂಡೇ ಇರುತ್ತದೆ, ಕಚ್ಚಲೂಬಹುದು. ಸೋಫಾದ ಸುಖವಂತೂ ಹಾಗೇ ಇರುತ್ತದೆ, ಅಲ್ವಾ?

ಮೊದಲು ಒಂದು ವಾರ ಬರೆದಿಡಿ: ಎಷ್ಟಕ್ಕೆ ಹತ್ತಿತು, ಎಷ್ಟಕ್ಕೆ ಇಳಿಯಿತು, ಮನೆಯಲ್ಲಿ ಯಾರಿದ್ದರು. ನಾನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗೀಚಿದೆ. ಕರಿಯನ ಹೊತ್ತು ಎರಡರಿಂದ ಮೂರೂ ಐವತ್ತು. ತಲೆ ಎತ್ತಿ ನೋಡಿದರೆ ಫ್ಯಾನ್ ಸೋಫಾದ ನೇರ ಮೇಲಿದೆ. ಅಕ್ಟೋಬರ್ ಸೆಕೆಯಲ್ಲಿ ನಾನೂ ಅಲ್ಲೇ ಮಲಗುವುದು!

ಆಮೇಲೆ ಅದೇ ಸುಖವನ್ನು ಬೇರೆ ಕಡೆ ಕೊಡಿ. ನಾವು ಸೋಫಾ ಗೋಡೆಗೆ ಸರಿಸಿ, ಫ್ಯಾನಿನ ಕೆಳಗೆ ಹಳೇ ಚಾದರ ಮಡಚಿ ಹಾಸಿದೆವು.

ಇನ್ನು ಬಹುಮಾನದ ಚಪಾತಿ ಚೂರು. ನಾಲ್ಕೂ ಕಾಲು ಚಾದರದ ಮೇಲೆ ಬಿದ್ದ ಒಂದೆರಡು ಸೆಕೆಂಡಿನೊಳಗೆ ಬಾಯಿಗೆ ಹೋಗಬೇಕು. ತಡವಾದರೆ, ಎದ್ದು ಬಂದದ್ದಕ್ಕೆ ಕೊಟ್ಟ ಹಾಗಾಗುತ್ತದೆ. (ಅತ್ತೆಗೆ ಡಬ್ಬಿ ಮುಚ್ಚಳ ತೆಗೆಯಲೇ ಅರ್ಧ ನಿಮಿಷ. ಚೂರನ್ನು ಮೊದಲೇ ಕೈಯಲ್ಲಿಟ್ಟುಕೊಳ್ಳಿ.) ಮೊದಮೊದಲು ಪ್ರತಿ ಸಲ ಕೊಡಿ. ರೂಢಿಯಾದ ಮೇಲೆ ಒಮ್ಮೆ ಎರಡನೇ ಸಲಕ್ಕೆ, ಒಮ್ಮೆ ಐದನೇ ಸಲಕ್ಕೆ. ಗಂಟೆ ನೋಡಿ ಮಾತ್ರ ಕೊಡಬೇಡಿ. ದಿನಾ ನಾಲ್ಕಕ್ಕೇ ಕೊಟ್ಟರೆ ನಾಲ್ಕರ ಹೊತ್ತಿಗಷ್ಟೇ ಚಾದರ, ಮಿಕ್ಕ ಹೊತ್ತು ಸೋಫಾ.

ನಡುವೆ ಹತ್ತಿಬಿಟ್ಟರೆ ಸುಮ್ನೆ ಕೆಳಗೆ ಕರೆಯಿರಿ. ಮನೆಯಲ್ಲಿ ಯಾರೂ ಇಲ್ಲದಾಗ ಸೋಫಾದ ಮೇಲೆ ಕುರ್ಚಿ ಮಗುಚಿ ಇಡಿ.

ನಮಗೆ ಮೂರು ವಾರ ಹಿಡಿಯಿತು. ಮೊನ್ನೆ ಭಾನುವಾರ ಕರಿಯ ಮತ್ತೆ ಸೋಫಾದಲ್ಲಿದ್ದ. ಆ ದಿನ ಚಾದರ ಒಗೆಯಲು ಹಾಕಿದ್ದೆ.