ದತ್ತು ಫೋಟೊ ತಿದ್ದುವಾಗ ಯಾವುದನ್ನು ಮುಟ್ಟುತ್ತೇನೆ, ಯಾವುದನ್ನು ಮುಟ್ಟುವುದಿಲ್ಲ

ಬೀದಿಯಿಂದ ಎತ್ತಿಕೊಂಡು ಬಂದ ನಾಯಿಗೆ ಮನೆ ಹುಡುಕುವ ಕೆಲಸ ಈಗ ಬಹುಪಾಲು ಮೊಬೈಲಿನಲ್ಲೇ ನಡೆಯುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಹೆಬ್ಬೆರಳು ಸರಸರ ಸರಿಯುತ್ತಿರುವಾಗ ಒಂದು ಫೋಟೊಗೆ ಸಿಗುವುದು ಒಂದೆರಡು ಕ್ಷಣ. ಅಷ್ಟರಲ್ಲಿ ನಾಯಿಯ ಕಣ್ಣು ಕಾಣಬೇಕು. ಶೆಡ್ಡಿನ ಕತ್ತಲು, ತುಕ್ಕು ಹಿಡಿದ ಜಾಲರಿ, ಒದ್ದೆ ಸಿಮೆಂಟು ಮೊದಲು ಕಂಡರೆ ನೋಡಿದವರು ‘ಅಯ್ಯೋ ಪಾಪ’ ಎಂದು ಮುಂದೆ ಹೋಗುತ್ತಾರೆ. ಪಾಪ ಅನ್ನಿಸಿದ ನಾಯಿಗೆ ಹಣ ಕಳಿಸುವವರು ಸಿಗುತ್ತಾರೆ, ಮನೆಗೆ ಕರೆದುಕೊಂಡು ಹೋಗುವವರು ಕಡಿಮೆ. ಫೋಟೊ ತಿದ್ದುವುದು ಈ ಅಡ್ಡಿಗಳನ್ನು ಸರಿಸಿ ನಾಯಿಯನ್ನು ಮುಂದೆ ತರುವುದಕ್ಕೆ.

ಬೆಂಗಳೂರಿನ ಆಶ್ರಯ ಕೇಂದ್ರಗಳ ನಾಡ ನಾಯಿಗಳ ಫೋಟೊಗಳಿಗೆ ನಾನು ಬಳಸುವುದು ಹೆಚ್ಚಾಗಿ ಫೋಟೊ ತಿದ್ದುವ ಆ್ಯಪ್ ಆದ ಸ್ನ್ಯಾಪ್‌ಸೀಡ್. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಹಳೆಯ ಫೋನಿನಲ್ಲೂ ನಡೆಯುತ್ತದೆ, ಸ್ವಯಂಸೇವಕರಿಗೆ ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ಒಂದು ನಾಯಿಗೆ ನಾಲ್ಕು ಫೋಟೊ, ಫೋಟೊಗೆ ನಾಲ್ಕೈದು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ಬೇಡುವ ಫೋಟೊವನ್ನು ಮತ್ತೆ ತೆಗೆಯುವುದೇ ವಾಸಿ.

ಕೈಯಾಡಿಸುವ ಮೊದಲು ಒಂದು ಗೆರೆ ಹಾಕಿಕೊಳ್ಳಬೇಕು. ಒರೆಸಿದರೆ, ತೊಳೆದರೆ, ನಾಲ್ಕು ದಿನ ಬಿಟ್ಟರೆ ಹೋಗುವಂಥದ್ದನ್ನು ಫೋಟೊದಲ್ಲೂ ಅಳಿಸಬಹುದು. ನಾಯಿಯ ಜೊತೆ ಮನೆಗೆ ಹೋಗುವುದನ್ನು ಅಳಿಸಬಾರದು. ಕಣ್ಣಿನ ಗೀಜು, ಜೊಲ್ಲಿನ ದಾರ, ಮೂತಿಗೆ ಅಂಟಿದ ಅನ್ನದ ಅಗುಳು, ಕಾಲಿನ ಕೆಸರು ಇವೆಲ್ಲ ಹೋಗಲಿ. ಹಳೆಯ ಗಾಯದ ಕಲೆ, ಮಂಜಾದ ಕಣ್ಣು, ಮೊಂಡು ಬಾಲ, ವಯಸ್ಸಾಗಿ ಬೆಳ್ಳಗಾದ ಮೂತಿ ಇರಲಿ. ಕಿವಿಯ ತುದಿಯ ಕಚ್ಚನ್ನಂತೂ ಮುಟ್ಟಲೇಬೇಡಿ. ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಹಾಕಿದ ಗುರುತು. ಅದನ್ನು ತುಂಬಿ ಕಿವಿ ‘ಸರಿಮಾಡಿದರೆ’ ನಾಯಿಯ ದಾಖಲೆಯನ್ನೇ ಹರಿದು ಹಾಕಿದಂತೆ.

ಇಷ್ಟು ಬಿಗಿ ಏಕೆಂದರೆ, ಫೋಟೊ ನಂಬಿ ಬಂದವರಿಗೆ ಎದುರಿಗೆ ಬೇರೆಯೇ ನಾಯಿ ಕಂಡರೆ ಅಲ್ಲಿಗೆ ನಂಬಿಕೆ ಮುರಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಮನೆಗೆ ಹೋದ ಮೇಲೆ ವಾಪಸ್ ಬರುವುದು. ಮನೆಯ ರುಚಿ ಕಂಡು ಮತ್ತೆ ಗೂಡಿಗೆ ಬಂದ ನಾಯಿ ಎಷ್ಟೋ ಸಲ ಮೂಲೆ ಹಿಡಿದು ಊಟ ಬಿಡುತ್ತದೆ. ಆ ಸಂಕಟಕ್ಕೆ ನಮ್ಮ ಬೆರಳು ಕಾರಣವಾಗಬಾರದು.

ತಿದ್ದುವ ಕೆಲಸದ ಅರ್ಧ ಪಾಲು ತೆಗೆಯುವಾಗಲೇ ಮುಗಿದಿರಬೇಕು. ಶೆಡ್ಡಿನ ಒಳಗೆ ಬೇಡ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ವೇಗದ ಶಟರ್ ಇಟ್ಟರೆ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬೀಳುತ್ತವೆ. ನಿಧಾನಕ್ಕಿಟ್ಟರೆ ನಾಯಿ ಕದಲಿ ಮಸುಕಾಗುತ್ತದೆ. ಪಟ್ಟಿಯನ್ನೂ ಮಸುಕನ್ನೂ ಆಮೇಲೆ ತಿದ್ದಲು ಬರುವುದಿಲ್ಲ. ಬೆಳಗ್ಗೆ 9ರೊಳಗೆ ಅಥವಾ ಸಂಜೆ 4.30ರ ನಂತರ ಹೊರಗೆ ಕರೆತಂದು, ಮರದ ಚುಕ್ಕೆ ಚುಕ್ಕೆ ನೆರಳು ಬಿಟ್ಟು ಗೋಡೆಯ ಗಟ್ಟಿ ನೆರಳಿನಲ್ಲಿ, ಮುಖ ಬಯಲಿನ ಕಡೆಗೆ ಇರುವಂತೆ ಕೂರಿಸಿ. ಬಯಲು ಆಕಾಶದ ಬೆಳಕು ಕಣ್ಣಿನಲ್ಲಿ ಬಿಳಿ ಚುಕ್ಕಿಯಾಗಿ ಹೊಳೆಯುತ್ತದೆ. ಆ ಚುಕ್ಕಿ ಇದ್ದರೆ ಮುಖಕ್ಕೆ ಜೀವ. ಇಲ್ಲದಿದ್ದರೆ ಕೈಯಿಂದ ಬರೆಯಲು ಹೋಗಬೇಡಿ, ಗಾಜಿನ ಕಣ್ಣಿನ ಬೊಂಬೆಯಾಗುತ್ತದೆ.

ಒದ್ದೆ ಹತ್ತಿಯಿಂದ ಕಣ್ಣಂಚು, ಮೂಗು ಒರೆಸಿ. ಇದು ಹತ್ತು ಸೆಕೆಂಡಿನ ಕೆಲಸ, ಆಮೇಲೆ ಕಲೆ ಅಳಿಸುವ ಉಪಕರಣವಾದ ಹೀಲಿಂಗ್‌ನ ನಾಲ್ಕು ನಿಮಿಷ ಉಳಿಯುತ್ತದೆ. ಮೊಣಕಾಲೂರಿ ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಫೋನಿನ 1ಎಕ್ಸ್ ಲೆನ್ಸ್ ಅಗಲದ್ದು, ಹತ್ತಿರದಿಂದ ತೆಗೆದರೆ ಮೂಗು ಬದನೆಕಾಯಿಯಾಗಿ ಮೈ ಸಣಕಲಾಗುತ್ತದೆ. 2ಎಕ್ಸ್ ಹಾಕಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಮುಧೋಳದ ರಕ್ತವಿರುವ ನಾಯಿಗಳಿಗೆ ಇದು ಇನ್ನೂ ಮುಖ್ಯ. ಹುಟ್ಟಿನಿಂದಲೇ ತೆಳ್ಳಗಿರುವ ಅವು ಅಗಲ ಲೆನ್ಸಿನಲ್ಲಿ ಉಪವಾಸ ಬಿದ್ದ ಹಾಗೆ ಕಾಣುತ್ತವೆ. ಪೋರ್ಟ್ರೇಟ್ ಮೋಡ್ ಬೇಡ. ನಾಡ ನಾಯಿಯ ನೆಟ್ಟಗಿನ ಕಿವಿಯ ತುದಿಯನ್ನೂ ಮೀಸೆಯನ್ನೂ ಅದು ಹಿನ್ನೆಲೆಯೆಂದು ಭಾವಿಸಿ ತಿಂದುಬಿಡುತ್ತದೆ. ನೈಟ್ ಮೋಡ್ ಕೂಡ ಬೇಡ. ಅದು ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ, ನಾಯಿ ಅಷ್ಟು ಹೊತ್ತು ಕದಲದೆ ನಿಲ್ಲುವುದಿಲ್ಲ.

ಬಿಸ್ಕತ್ತಿನ ಪೊಟ್ಟಣ ಚರಚರ ಅನ್ನಿಸಿದ ಕೂಡಲೇ ಕಿವಿ ನಿಮಿರಿ ತಲೆ ಒಂದು ಕಡೆ ವಾಲುತ್ತದೆ. ಅದು ಒಂದು ಕ್ಷಣದ್ದು, ಅದಕ್ಕೇ ಸಾಲಾಗಿ ಫೋಟೊ ತೆಗೆಯುವ ಬರ್ಸ್ಟ್‌ನಲ್ಲಿ 15–20 ಹೊಡೆಯಬೇಕು. ಮೂರನೆಯ ಸಲದ ಸದ್ದಿಗೆ ನಾಯಿ ತಿರುಗಿಯೂ ನೋಡುವುದಿಲ್ಲ. ಆರಿಸುವಾಗ ನಾನು ಮೊದಲು ತೆಗೆದುಹಾಕುವುದು ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುವವು, ಕಿವಿ ತಲೆಗೆ ಅಂಟಿಕೊಂಡವು, ತುಟಿ ಬಿಗಿದು ಮುಚ್ಚಿದವು. ಇವೆಲ್ಲ ಹೆದರಿಕೆಯ ಗುರುತು, ಯಾವ ತಿದ್ದುಪಡಿಯೂ ಅದನ್ನು ಮುಚ್ಚದು. ಬಾಯಿ ಸಡಿಲವಾಗಿ ತೆರೆದು ನಾಲಗೆ ಸ್ವಲ್ಪ ಕಂಡದ್ದು ಒಳ್ಳೆಯದು. ಬಿಸಿಲಿಗೆ ಏದುಸಿರು ಬಿಡುತ್ತಾ ನಾಲಗೆ ಉದ್ದಕ್ಕೆ ಜೋತದ್ದು ಬೇಡ, ನೀರು ಕುಡಿಸಿ ಕಾಯಿರಿ.

ಇನ್ನು ಕರಿ ನಾಯಿ. ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಇವುಗಳಿಗೇ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಎದುರಿಗೆ ನಿಂತರೆ ಮಿರಿಮಿರಿ ಮಿಂಚುವ ಮೈ, ಫೋಟೊದಲ್ಲಿ ಎರಡು ಕಿವಿಯಿರುವ ತೂತು. ಕ್ಯಾಮೆರಾ ಕಪ್ಪನ್ನು ಕಂಡು ‘ಕತ್ತಲೆ’ ಎಂದುಕೊಂಡು ಇಡೀ ಚಿತ್ರವನ್ನು ಬೆಳಗಿಸಿ ಹಿನ್ನೆಲೆಯನ್ನು ಸುಟ್ಟುಹಾಕುತ್ತದೆ, ಇಲ್ಲವೇ ಹಿನ್ನೆಲೆಯ ಬೆಳಕನ್ನು ಕಂಡು ನಾಯಿಯನ್ನು ಮುಳುಗಿಸುತ್ತದೆ. ತೆಗೆಯುವಾಗ ಪರದೆಯ ಮೇಲೆ ನಾಯಿಯ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೊಂಚ ಕೆಳಗೆಳೆಯಿರಿ. ಹಿಂದೆ ಬಿಳಿ ಗೋಡೆ ಬೇಡ. ಒಣಹುಲ್ಲು, ಕೆಮ್ಮಣ್ಣು, ತಿಳಿಹಸಿರು ಒಳ್ಳೆಯದು.

ಸ್ನ್ಯಾಪ್‌ಸೀಡಿನಲ್ಲಿ ಮೊದಲು ಟ್ಯೂನ್ ಇಮೇಜ್: ಶ್ಯಾಡೋಸ್ (ಕತ್ತಲ ಭಾಗ) +30ರ ಆಸುಪಾಸು, ಹೈಲೈಟ್ಸ್ (ಬೆಳಕಿನ ಭಾಗ) -25, ಬ್ರೈಟ್‌ನೆಸ್ ಮುಟ್ಟುವುದಿಲ್ಲ. ಆಂಬಿಯನ್ಸ್ +10 ದಾಟಿದರೆ ಮೈಸುತ್ತ ಬಿಳಿ ಪ್ರಭಾವಳಿ ಏಳುತ್ತದೆ. ಶ್ಯಾಡೋಸನ್ನು +70ಕ್ಕೆ ಏರಿಸುವುದು ಎಲ್ಲರೂ ಮಾಡುವ ತಪ್ಪು. ಆಗ ನಾಯಿ ಬೂದಿಯಲ್ಲಿ ಹೊರಳಿ ಎದ್ದ ಹಾಗೆ ಆಗಿ, ಕೂದಲಿನ ನಡುವೆ ನೇರಳೆ, ಹಸಿರು ಕಲೆಗಳು ತೇಲುತ್ತವೆ. ಸೆನ್ಸರ್ ಹಿಡಿಯದ ವಿವರವನ್ನು ಹಿಗ್ಗಿಸಿದರೆ ಸಿಗುವುದು ಕಸವೇ. ನನ್ನ ಅಳತೆಗೋಲು ಮೂಗಿನ ಹೊಳ್ಳೆ: ಅದರ ಒಳಗು ಕಡುಗಪ್ಪಾಗಿಯೇ ಉಳಿದಿರಬೇಕು. ಅದೂ ಬೂದು ತಿರುಗಿದರೆ ಹೆಚ್ಚಾಯಿತು ಎಂದರ್ಥ.

ಆಮೇಲೆ ಸೆಲೆಕ್ಟಿವ್. ಹಣೆಯ ಮೇಲೆ ಒಂದು ಚುಕ್ಕಿ ಇಟ್ಟು, ಎರಡು ಬೆರಳಿನಿಂದ ವೃತ್ತವನ್ನು ಮುಖದಷ್ಟಕ್ಕೆ ಕುಗ್ಗಿಸಿ, ಬ್ರೈಟ್‌ನೆಸ್ +20, ಸ್ಟ್ರಕ್ಚರ್ (ಕೂದಲಿನ ವಿವರ ಎದ್ದು ತೋರಿಸುವುದು) +10. ಈ ಉಪಕರಣ ಚುಕ್ಕಿಯ ಬಣ್ಣಕ್ಕೆ ಹೋಲುವುದನ್ನಷ್ಟೇ ಹಿಡಿಯುವುದರಿಂದ ಹಿಂದಿನ ಹುಲ್ಲು ಬೆಳಗುವುದಿಲ್ಲ. ಪ್ರತಿ ಕಣ್ಣಿಗೂ ಬೇರೆ ಚುಕ್ಕಿ, ವೃತ್ತ ಆದಷ್ಟು ಚಿಕ್ಕದು, ಬ್ರೈಟ್‌ನೆಸ್ +15. ಕಣ್ಣಿನ ಕಂದು ಬಳೆಗೂ ಅದರ ನಡುವಿನ ಕಪ್ಪು ಪಾಪೆಗೂ ವ್ಯತ್ಯಾಸ ಕಂಡರೆ ಸಾಕು, ಅಲ್ಲಿಗೆ ನಿಲ್ಲಿಸಿ.

ಕಪ್ಪು ಮೈಯ ಇನ್ನೊಂದು ತೊಂದರೆ ನೀಲಿ. ನೆರಳಿನಲ್ಲಿ ತೆಗೆದಾಗ ಬೆನ್ನಿನ ಮೇಲೆ ಆಕಾಶ ಪ್ರತಿಫಲಿಸಿ ಕೂದಲು ನೀಲಿ ಶಾಯಿ ಚೆಲ್ಲಿದಂತೆ ಕಾಣುತ್ತದೆ. ಇಡೀ ಫೋಟೊವನ್ನು ಬೆಚ್ಚಗೆ ಮಾಡಿದರೆ ಹುಲ್ಲು ಹಳದಿಯಾಗುತ್ತದೆ, ನಾಯಿ ಕಂದಾಗುತ್ತದೆ. ಬದಲಿಗೆ ಬ್ರಷ್‌ನಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಆರಿಸಿ -10 ಇಟ್ಟು ಬೆನ್ನಿನ ಮೇಲೆ ಮಾತ್ರ ಸವರಿ. ನೀಲಿ ಹೋಗಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಎದೆಯ ಮೇಲೆ ಕಂದು ಛಾಯೆಯಿದ್ದರೆ ಅಲ್ಲಿ ಸವರಬೇಡಿ, ಅದು ಈ ನಾಯಿಯದೇ ಬಣ್ಣ.

ಬಿಳಿ ನಾಯಿಗೆ ಇದರ ಉಲ್ಟಾ. ಬಿಸಿಲಿನಲ್ಲಿ ಸುಟ್ಟು ಬೆಳ್ಳಗಾದ ಬೆನ್ನಿನಿಂದ ಒಂದು ಕೂದಲೂ ವಾಪಸ್ ಬರುವುದಿಲ್ಲ, ಆದ್ದರಿಂದ ಕೊಂಚ ಕತ್ತಲಾಗಿಯೇ ತೆಗೆದು ಆಮೇಲೆ ಎತ್ತುವುದು ಕ್ಷೇಮ. ಕೆಮ್ಮಣ್ಣಿನ ಅಂಗಳದಲ್ಲಿ ಹೊಟ್ಟೆಯ ಕೆಳಗೆ ಕೆಂಪು ಛಾಯೆ ಬರುತ್ತದೆ, ನೀಲಿ ಟಾರ್ಪಾಲಿನಡಿ ಮೈಯೆಲ್ಲ ನೀಲಿ ಛಾಯೆ. ಕೆಂಚ ನಾಯಿಗಳಲ್ಲಿ ಕೈ ಬಿಗಿ ಹಿಡಿಯಬೇಕು. ಸ್ಯಾಚುರೇಶನ್ ಸ್ವಲ್ಪ ಏರಿದರೂ ಮೈ ಕಿತ್ತಳೆಯಾಗುತ್ತದೆ, ಬಂದವರು “ಫೋಟೊದಲ್ಲಿ ಇದ್ದದ್ದು ಇದೇನಾ?” ಎಂದು ಕೇಳುತ್ತಾರೆ. ಹುಲಿಪಟ್ಟೆಯ ಮೈಗೆ ಡೀಟೇಲ್ಸ್‌ನಲ್ಲಿ ಸ್ಟ್ರಕ್ಚರ್ +15 ಕೊಟ್ಟರೆ ಪಟ್ಟೆ ಎದ್ದು ಬರುತ್ತದೆ. ಅದೇ +15 ಮುದಿ ನಾಯಿಯ ಮುಖಕ್ಕೆ ಒರಟು.

ಫ್ಲ್ಯಾಶ್ ಹಾಕಿ ತೆಗೆದ ಫೋಟೊ ಬಂದರೆ ಕಣ್ಣು ಹಸಿರೋ ಹಳದಿಯೋ ಆಗಿ ಉರಿಯುತ್ತಿರುತ್ತದೆ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವಿದೆ. ಮನುಷ್ಯರ ಕೆಂಪು ಕಣ್ಣಿಗೆಂದು ಮಾಡಿದ ಉಪಕರಣಗಳು ಇದನ್ನು ಗುರುತಿಸುವುದಿಲ್ಲ. ತಿದ್ದಲು ಕೂರದೆ ಹಗಲಲ್ಲಿ ಮತ್ತೆ ತೆಗೆಸಿ.

ಹಗ್ಗ, ಸರಪಳಿ ಅಳಿಸುವುದಕ್ಕೆ ಅಭ್ಯಾಸ ಬೇಕು. ಸರಪಳಿ ನೋಡಿದವರ ಮನಸ್ಸಿಗೆ ‘ಕಚ್ಚುತ್ತದೇನೋ’ ಎಂಬುದು ಬರುತ್ತದೆ, ಆದ್ದರಿಂದ ತೆಗೆಯುತ್ತೇನೆ. ಆದರೆ ಫೋಟೊ ತೆಗೆಯುವಾಗ ಸುರಕ್ಷತೆಗಾಗಿ ಹಗ್ಗ ಇದ್ದೇ ಇರಬೇಕು, ತೆಳ್ಳಗಿನದು, ಒಂದೇ ಬಣ್ಣದ್ದು, ಮೈಮೇಲೆ ಹಾಯದೆ ಕತ್ತಿನಿಂದ ನೇರ ಪಕ್ಕಕ್ಕೆ ಹೋಗುವಂತೆ ಹಿಡಿದದ್ದು. ಹೀಲಿಂಗ್‌ನಲ್ಲಿ ಚೆನ್ನಾಗಿ ಹಿಗ್ಗಿಸಿಕೊಂಡು, ಹೊರ ತುದಿಯಿಂದ ಕತ್ತಿನ ಕಡೆಗೆ, ಬೆರಳ ಉಗುರಿನಷ್ಟು ತುಂಡು ತುಂಡಾಗಿ ಅಳಿಸುತ್ತಾ ಬನ್ನಿ. ಒಂದೇ ಎಳೆತಕ್ಕೆ ಅಳಿಸಿದರೆ ಹುಲ್ಲಿನ ಜಾಗಕ್ಕೆ ನಾಯಿಯ ಕಿವಿ ಬಂದು ಕೂರುತ್ತದೆ. ನೆಲದ ಮೇಲೆ ಬಿದ್ದ ಹಗ್ಗದ ನೆರಳನ್ನು ಮರೆಯಬೇಡಿ. ಕತ್ತಿನ ಹತ್ತಿರ ಒಂದು ಬೆರಳಷ್ಟು ಬಿಟ್ಟು ನಿಲ್ಲಿಸಿ, ಕೊರಳಪಟ್ಟಿಯನ್ನು ಇರಗೊಡಿ. ಪಟ್ಟಿ ಅಳಿಸಿದರೆ ಕೂದಲಿನ ಸುಳಿ ಕಲಸಿಹೋಗುತ್ತದೆ. ಮೇಲಾಗಿ, ಒಳ್ಳೆಯ ಬಣ್ಣದ ಪಟ್ಟಿ ಕಟ್ಟಿದ ನಾಯಿಗೆ ಆಗಲೇ ಯಾರದೋ ಮನೆಯ ಕಳೆ ಬಂದಿರುತ್ತದೆ.

ಮುಖದ ಮುಂದೆ ಜಾಲರಿ ಬಂದರೆ ಅಳಿಸಲು ಹೋಗಬೇಡಿ, ಆ್ಯಪ್ ಕಣ್ಣು ಮೂಗನ್ನು ಊಹೆಯ ಮೇಲೆ ತುಂಬುತ್ತದೆ. ಎಐ ಬಳಸಿ ಹಿನ್ನೆಲೆ ಬದಲಿಸುವುದಕ್ಕೂ ನನ್ನ ವಿರೋಧವಿದೆ. ಅದು ಕಾಲಿನ ಬೆರಳು, ಕಿವಿಯ ಕಚ್ಚು, ಎದೆಯ ಮಚ್ಚೆಗಳನ್ನು ಕೇಳದೇ ಬದಲಿಸುತ್ತದೆ. ಇನ್ನು, ಸೋಫಾದ ಮೇಲೆ ಕೂರಿಸಿದ ಚಿತ್ರ ನೋಡಿದವರು ಇದು ಮನೆಯೊಳಗೆ ಇದ್ದು ಅಭ್ಯಾಸವಾದ ನಾಯಿ ಎಂದೇ ತಿಳಿಯುತ್ತಾರೆ. ಹಿಂದಿನ ಬಕೆಟ್ಟು, ಪೊರಕೆ, ನೆಲದ ಗಲೀಜು ಅಳಿಸಿದರೆ ಸಾಕು.

ಕಜ್ಜಿಯಿಂದ ಕೂದಲು ಉದುರಿದ ನಾಯಿಯ ಮೈಮೇಲೆ ಕೂದಲು ಬಳಿಯಬಾರದು. ಚಿಕಿತ್ಸೆ ನಡೆಯುತ್ತಿದ್ದರೆ ಬಂದ ದಿನದ ಫೋಟೊ ಮತ್ತು ಈಗಿನದನ್ನು ಅಕ್ಕಪಕ್ಕ ಇಟ್ಟು ಎರಡಕ್ಕೂ ದಿನಾಂಕ ಹಾಕಿ. ಎರಡಕ್ಕೂ ಒಂದೇ ಬೆಳಕು, ಒಂದೇ ತಿದ್ದುಪಡಿ ಇರಬೇಕು. ಹಳೆಯದನ್ನು ಮಬ್ಬು ಮಾಡಿ ಹೊಸದನ್ನು ಬೆಳಗಿಸುವುದು ಮೋಸ.

ನಾಲ್ಕು ಫೋಟೊ ಯಾವುವು? ಮುಖದ್ದು, ಪಕ್ಕದಿಂದ ನಿಂತ ಪೂರ್ತಿ ಮೈಯದು, ಮನುಷ್ಯರ ಮೊಣಕಾಲ ಪಕ್ಕ ನಿಂತದ್ದು, ಮತ್ತು ಕಲೆಯೋ ಕುಂಟೋ ಇದ್ದರೆ ಅದನ್ನು ತೋರಿಸುವುದು. ಮೂರನೆಯದನ್ನು ಬಿಡಬೇಡಿ. ಫ್ಲ್ಯಾಟಿನವರು ಮೊದಲು ಕೇಳುವುದೇ “ಎಷ್ಟು ದೊಡ್ಡದಾಗುತ್ತೆ?” ಎಂದು.

ಇನ್‌ಸ್ಟಾಗ್ರಾಂಗೆ 4:5ರಲ್ಲಿ 1080×1350. ಕತ್ತರಿಸುವಾಗ ಕಣ್ಣು ಮೇಲಿನ ಮೂರನೆಯ ಒಂದು ಭಾಗದಲ್ಲಿ ಬರಲಿ, ಕಿವಿಯ ಮೇಲೆ ಬೆರಳಷ್ಟು ಜಾಗವಿರಲಿ. ಕಾಲಿನ ಗೆಣ್ಣಿನಲ್ಲಿ ಕತ್ತರಿಸಿದರೆ ಕಾಲೇ ಇಲ್ಲವೇನೋ ಅನ್ನಿಸುತ್ತದೆ. ಅಕ್ಷರ ಹಾಕುವುದಾದರೆ ಕೆಳಗಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಲಸಿಕೆ, ಶಸ್ತ್ರಚಿಕಿತ್ಸೆ, ಬಡಾವಣೆ, ಮತ್ತು ತಪ್ಪದೇ ದಿನಾಂಕ. ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಹೊರಟ ಫೋಟೊ ವರ್ಷಗಟ್ಟಲೆ ತಿರುಗುತ್ತದೆ. ದಿನಾಂಕವಿಲ್ಲದಿದ್ದರೆ ಮನೆ ಸೇರಿದ ನಾಯಿಗೂ ಕರೆ ಬರುತ್ತಲೇ ಇರುತ್ತದೆ. ಕಳಿಸುವ ಮೊದಲು ಅಗ್ಗದ ಫೋನಿನಲ್ಲಿ, ಅರ್ಧ ಬೆಳಕಿನಲ್ಲಿ ಒಮ್ಮೆ ನೋಡಿ. ದುಬಾರಿ ಪರದೆಯಲ್ಲಿ ಸರಿಯಿದ್ದ ಕರಿ ನಾಯಿ ಅಲ್ಲಿ ಮತ್ತೆ ತೂತಾಗಿರಬಹುದು. ದಿನವೂ ಊಟ ಹಾಕುವವರಿಗೂ ತೋರಿಸಿ. ಅವರು ಹೆಸರು ಹೇಳಲು ಒಂದು ಕ್ಷಣ ತಡೆದರೂ ತಿದ್ದಿದ್ದು ಹೆಚ್ಚಾಗಿದೆ.

ಗುಣಮಟ್ಟ ಉಳಿಯಲೆಂದು ಡಾಕ್ಯುಮೆಂಟ್ ಆಗಿ ಕಳಿಸುವಾಗ ಫೋಟೊ ತೆಗೆದ ಜಾಗದ ವಿವರವೂ ಅದರೊಳಗೇ ಹೋಗುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಡಿ. ವಿಳಾಸ ಗೊತ್ತಾದರೆ ರಾತ್ರೋರಾತ್ರಿ ಗೇಟಿನ ಮುಂದೆ ಮರಿಗಳ ಡಬ್ಬ ಇಟ್ಟು ಹೋಗುವವರಿದ್ದಾರೆ, ತಾತ್ಕಾಲಿಕವಾಗಿ ನಾಯಿ ಸಾಕುವ ಮನೆಗಳಿಗೆ ಇದು ದೊಡ್ಡ ಕಷ್ಟ.

ತಿದ್ದದ ಮೂಲ ಫೋಟೊಗಳನ್ನು ಅಳಿಸಬೇಡಿ. ಎಡಮಗ್ಗುಲು, ಬಲಮಗ್ಗುಲು, ಬಾಲ, ಕಿವಿಯ ಕಚ್ಚು, ಎದೆಯ ಮಚ್ಚೆ ಇಷ್ಟನ್ನು ನಾಯಿಯ ಹೆಸರು ಮತ್ತು ದಿನಾಂಕದ ಫೋಲ್ಡರಿನಲ್ಲಿ ಇಟ್ಟು, ದತ್ತು ಪಡೆದವರಿಗೂ ಒಂದು ಪ್ರತಿ ಕೊಡಿ. ಹೊಸ ಮನೆಯ ಮೊದಲ ದಿನಗಳಲ್ಲಿ ಪಟಾಕಿ ಸದ್ದಿಗೋ ತೆರೆದ ಗೇಟಿಗೋ ಬೆದರಿ ನಾಯಿ ಓಡಿಹೋದರೆ ಬೀದಿಯಲ್ಲಿ ತೋರಿಸಿ ಕೇಳಲು ಬೇಕಾಗುವುದು ಆ ಫೋಟೊಗಳೇ.