ಲ್ಯಾಟಿನ್ ಕ್ರಿಯಾಪದವನ್ನು ಬಾಲದಿಂದ ಓದುವುದು: ನನ್ನ ಅನುಭವ

ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಸರ್ಶಿಯೊರರಿ, ಅಫಿಡವಿಟ್, ಕೇವಿಯಟ್. ಹೈಕೋರ್ಟ್ ಸುದ್ದಿ ಓದುವವರಿಗೆಲ್ಲ ಪರಿಚಿತವಾದ ಈ ಮಾತುಗಳಲ್ಲಿ ಐದು ಲ್ಯಾಟಿನ್ ಕ್ರಿಯಾಪದಗಳು ಅಡಗಿವೆ. ಮೊದಲ ಮೂರು ನಮ್ಮ ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲೇ ಇವೆ. ಲ್ಯಾಟಿನ್ ಉಚ್ಚಾರಣೆಯಲ್ಲೇ ಬರೆದರೆ, ಹಬೆಆಸ್ ಎಂದರೆ ‘ನೀನು ಹೊಂದಿರತಕ್ಕದ್ದು’, ಮಂದಾಮುಸ್ ಎಂದರೆ ‘ಆಜ್ಞಾಪಿಸುತ್ತೇವೆ’, ಕೆರ್ತಿಓರಾರೀ ಎಂದರೆ ‘ತಿಳಿಸಲ್ಪಡುವುದು’, ಅಫ್ಫಿದಾವಿತ್ ಎಂದರೆ ‘ಪ್ರಮಾಣ ಮಾಡಿದನು’, ಕವೆಅತ್ ಎಂದರೆ ‘ಎಚ್ಚರವಾಗಿರಲಿ’. ಯಾರು, ಯಾವಾಗ, ಆಜ್ಞೆಯೋ ಹಾರೈಕೆಯೋ ಎಂಬುದೆಲ್ಲ ಪದದ ಕೊನೆಯ ಎರಡು ಮೂರು ಅಕ್ಷರಗಳಲ್ಲಿದೆ. ಆ ಬಾಲವನ್ನು ಓದಲು ನಾನು ಅನುಸರಿಸುವ ಕ್ರಮ ಇಲ್ಲಿದೆ.

ಸಾಮಾನ್ಯವಾಗಿ ಕಲಿಸುವುದು ಕೋಷ್ಟಕದಿಂದ: ಅಮೋ, ಅಮಾಸ್, ಅಮತ್, ಅಮಾಮುಸ್, ಅಮಾತಿಸ್, ಅಮಂತ್. ಹೀಗೆ ಮಗ್ಗಿಯಂತೆ ಬಾಯಿಪಾಠ ಮಾಡಿದವರಿಗೆ ಒಪ್ಪಿಸಲು ಬರುತ್ತದೆ, ಗುರುತಿಸಲು ಬರುವುದಿಲ್ಲ. ಪುಟದ ನಡುವೆ ‘ಅಮಾಮುಸ್’ ಕಂಡಾಗ ಮನಸ್ಸಿನಲ್ಲೇ ಅಮೋ ಇಂದ ಶುರುಮಾಡಿ ನಾಲ್ಕನೆಯ ಮೆಟ್ಟಿಲವರೆಗೆ ಹತ್ತಬೇಕಾಗುತ್ತದೆ. ಹಾಗಾಗಿ ನಾನು ಕೋಷ್ಟಕವನ್ನು ಮಡಚಿಟ್ಟು ಪದವನ್ನು ಬಲದಿಂದ ಎಡಕ್ಕೆ ಒಡೆಯುತ್ತೇನೆ. ಕನ್ನಡದವರಿಗೆ ಇದು ಹೊಸ ವಿದ್ಯೆಯಲ್ಲ. ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ ಎಂದು ಶಾಲೆಯಲ್ಲಿ ಬಿಡಿಸಿದ್ದೇವೆ: ಮಾಡು + ವ + ಎನು, ಮಾಡು + ದ + ಎನು. ಲ್ಯಾಟಿನ್ ಕ್ರಿಯಾಪದದ ಕಟ್ಟಡವೂ ಇದೇ: ಅಮಾ + ಬಿ + ಮುಸ್, ಅಂದರೆ ಪ್ರೀತಿಸು + ಭವಿಷ್ಯತ್ + ನಾವು. ‘ಮಾಡುವೆವು’ ಎಂದಾಗ ‘ನಾವು’ ಬೇಕಿಲ್ಲದಂತೆ ಅಲ್ಲಿಯೂ ಸರ್ವನಾಮ ಬೇಕಿಲ್ಲ. ಒಂದು ಹೊರೆ ಕಡಿಮೆಯೂ ಇದೆ: ಮಾಡಿದನು, ಮಾಡಿದಳು ಎಂಬಂಥ ಲಿಂಗಭೇದ ಈ ಪ್ರತ್ಯಯಗಳಲ್ಲಿಲ್ಲ.

ಮೊದಲು ಬಾಲದ ತುದಿ. ಕಲಿಯಬೇಕಾದದ್ದು ಒಟ್ಟು 18. ಕರ್ತರಿಯಲ್ಲಿ ನಾನು -ಓ ಅಥವಾ -ಮ್, ನೀನು -ಸ್, ಅವನು/ಅವಳು/ಅದು -ತ್, ನಾವು -ಮುಸ್, ನೀವು -ತಿಸ್, ಅವರು -ನ್ತ್. ಸಂಸ್ಕೃತದ ಭವತಿ, ಭವಂತಿ, ಭವಾಮಃ ಗೊತ್ತಿದ್ದರೆ ಇವು ನೆಂಟರಂತೆ ಕಾಣುತ್ತವೆ, ನಿಜಕ್ಕೂ ನೆಂಟರೇ. ಕರ್ಮಣಿಯಲ್ಲಿ -ರ್, -ರಿಸ್, -ತುರ್, -ಮುರ್, -ಮಿನೀ, -ನ್ತುರ್. ಪರ್ಫೆಕ್ಟ್ ಎಂಬ ಮುಗಿದ ಭೂತಕ್ಕೆ ಬೇರೆಯೇ ಸಾಲು: -ಈ, -ಇಸ್ತೀ, -ಇತ್, -ಇಮುಸ್, -ಇಸ್ತಿಸ್, -ಏರುಂತ್. ಇವನ್ನು ಸಾಲಾಗಿ ಕಲಿಯದೆ ಕಲಸಿ ಕಲಿಯಬೇಕು.

ತುದಿ ಕಳಚಿದ ಮೇಲೆ ಅದರ ಹಿಂದೆ ನಿಂತ ಗುರುತನ್ನು ನೋಡುತ್ತೇನೆ. -ಬಾ- ಇದ್ದರೆ ಭೂತದಲ್ಲಿ ನಡೆಯುತ್ತಿದ್ದ ಕೆಲಸ (ಅಮಾಬಾಸ್, ‘ನೀನು ಪ್ರೀತಿಸುತ್ತಿದ್ದೆ’). -ಬೋ, -ಬಿ-, -ಬು- ಇದ್ದರೆ ಭವಿಷ್ಯತ್. ವೈದ್ಯರ ಪ್ಲಸೀಬೋ ಇದೇ ಪ್ಲಕೇಬೋ, ‘ಮೆಚ್ಚಿಸುವೆನು’. ಬಾ ಮತ್ತು ಬಿ ನಡುವಿನ ಸ್ವರವೊಂದೇ ಭೂತವನ್ನೂ ಭವಿಷ್ಯತ್ತನ್ನೂ ಬೇರ್ಪಡಿಸುತ್ತದೆ. ಅವಸರದ ಕಣ್ಣು ಮೊದಲು ಜಾರುವುದೇ ಇಲ್ಲಿ.

ನಿಜವಾದ ಕಗ್ಗಂಟು -ಬ- ಇಲ್ಲದಾಗ ಬರುತ್ತದೆ. -ಎತ್ ಎಂದು ಮುಗಿಯುವ ಮೂರು ಪದಗಳನ್ನು ಪಕ್ಕಪಕ್ಕದಲ್ಲಿಡಿ: ಹಬೆತ್, ಮಿತ್ತೆತ್, ಅಮೆತ್. ಮೊದಲನೆಯದು ವರ್ತಮಾನ, ‘ಹೊಂದಿದ್ದಾನೆ’. ಎರಡನೆಯದು ಭವಿಷ್ಯತ್, ‘ಕಳುಹಿಸುವನು’. ಮೂರನೆಯದು ಸಬ್ಜಂಕ್ಟಿವ್, ಅಂದರೆ ಹಾರೈಕೆ, ಸಂಭಾವನೆಗಳ ರೂಪ, ‘ಪ್ರೀತಿಸಲಿ’. ಬಾಲ ಒಂದೇ, ಅರ್ಥ ಮೂರು. ಬಾಲವನ್ನೇ ಎಷ್ಟು ದಿಟ್ಟಿಸಿದರೂ ಉತ್ತರ ಸಿಗದು, ಅದು ಧಾತುವಿನ ಗಣದಲ್ಲಿ, ಅಂದರೆ ಧಾತು ಸೇರುವ ಗುಂಪಿನಲ್ಲಿದೆ. ಲ್ಯಾಟಿನ್ನಿನ ನಾಲ್ಕು ಗಣಗಳನ್ನು ‘ಪ್ರೀತಿಸುವುದು’ ಎಂಬಂಥ ಅರ್ಥದ ‘-ರೆ’ ರೂಪದಲ್ಲಿ ‘-ರೆ’ಗೆ ಹಿಂದಿನ ಸ್ವರ ತಿಳಿಸುತ್ತದೆ: ಅಮಾರೆ (ಮೊದಲನೆಯದು), ಹಬೇರೆ (ಎರಡನೆಯದು), ಮಿತ್ತೆರೆ (ಮೂರನೆಯದು), ಔದೀರೆ (ನಾಲ್ಕನೆಯದು). ಎರಡನೇ ಗಣದಲ್ಲಿ ಎ/ಏ ಮನೆಯದೇ ಸ್ವರ, ಆದ್ದರಿಂದ ವರ್ತಮಾನ. ಮೂರನೆಯ ಮತ್ತು ನಾಲ್ಕನೆಯ ಗಣಗಳಲ್ಲಿ ವರ್ತಮಾನದ ಸ್ವರ ಇ (ಮಿತ್ತಿತ್, ಔದಿತ್), ಅಲ್ಲಿ ಎ/ಏ ಭವಿಷ್ಯತ್ತಿನ ಗುರುತು. ಮೊದಲನೆಯದರಲ್ಲಿ ಆ ಇರಬೇಕಾದ ಕಡೆ ಎ ಬಂದಿದೆ ಎಂದರೆ ಸಬ್ಜಂಕ್ಟಿವ್. ಉಳಿದ ಮೂರು ಗಣಗಳಿಗೆ ಸಬ್ಜಂಕ್ಟಿವ್ ಗುರುತು ಆ: ಹಬೆಆಸ್, ಮಿತ್ತಾಸ್, ಔದಿಆಸ್.

ನಾನು ಪಾಲಿಸುವ ನಿಯಮ ಇಷ್ಟೇ: ಮನೆಯ ಸ್ವರ ಕಂಡರೆ ವರ್ತಮಾನ, ಮನೆಯದಲ್ಲದ ಸ್ವರ ಕಂಡರೆ ಎಚ್ಚರ. ಇದು ನಡೆಯಬೇಕಾದರೆ ಹೊಸ ಕ್ರಿಯಾಪದವನ್ನು ಒಂಟಿಯಾಗಿ ಕಲಿಯಬಾರದು. ಮಿತ್ತೋ, ಮಿತ್ತೆರೆ, ಮೀಸೀ, ಮಿಸ್ಸುಮ್ (ಕಳುಹಿಸುತ್ತೇನೆ, ಕಳುಹಿಸುವುದು, ಕಳುಹಿಸಿದೆನು, ಕಳುಹಿಸಲ್ಪಟ್ಟದ್ದು) ಎಂದು ನಾಲ್ಕನ್ನೂ ಒಟ್ಟಿಗೆ ಕಲಿಯಬೇಕು. ‘ಮಿತ್ತೋ ಅಂದರೆ ಕಳುಹಿಸು’ ಎಂದಷ್ಟೇ ಬರೆದುಕೊಂಡವರಿಗೆ ಮಿತ್ತೆತ್ ಎದುರಾದಾಗ ಊಹೆಯೇ ಗತಿ. ಹಾಗೆ ಕಲಿತ ಮೇಲೂ ಮಿತ್ತಮ್ ಒಂದು ಉಳಿಯುತ್ತದೆ: ‘ಕಳುಹಿಸುವೆನು’ ಎಂದೂ ಆದೀತು, ‘ನಾನು ಕಳುಹಿಸಲಿ’ ಎಂದೂ ಆದೀತು. ಅದನ್ನು ಸುತ್ತಲಿನ ವಾಕ್ಯವೇ ತೀರ್ಮಾನಿಸಬೇಕು.

ಪರ್ಫೆಕ್ಟಿನ ಕಾಂಡವನ್ನು, ಅಂದರೆ ಬಾಲ ಕಳಚಿದ ಮೇಲೆ ಉಳಿಯುವ ಭಾಗವನ್ನು, ಬೇರೆಯಾಗಿಯೇ ಗುರುತಿಸಲು ಕಲಿಯಬೇಕು. ಮೊದಲ ಮತ್ತು ನಾಲ್ಕನೆಯ ಗಣದಲ್ಲಿ ಹೆಚ್ಚಾಗಿ -ವ್- (ಅಮಾವೀ, ಔದೀವೀ), ಎರಡನೆಯದರಲ್ಲಿ -ಉ- (ಹಬುಈ), ಮೂರನೆಯದರಲ್ಲಿ ಬಹಳ ಸಲ -ಸ್- (ಮೀಸೀ, ದೂಕ್ಸೀ). ಕೆಲವು ಧಾತುಗಳು ಸ್ವರವನ್ನು ಎಳೆಯುತ್ತವೆ, ಕೆಲವು ಮೊದಲಕ್ಷರವನ್ನು ಎರಡು ಸಲ ಹೇಳುತ್ತವೆ: ದೆದಿತ್, ‘ಕೊಟ್ಟನು’. ಸಂಸ್ಕೃತದ ‘ದದೌ’ ನೆನಪಾದರೆ ಸರಿಯಾಗಿಯೇ ನೆನಪಾಗಿದೆ. ಈ ಕಾಂಡಕ್ಕೆ -ಎರಾ- ಸೇರಿದರೆ ಅದಕ್ಕೂ ಹಿಂದಿನ ಭೂತ (ಅಮಾವೆರಾಸ್), -ಇಸ್ಸೇ- ಸೇರಿದರೆ ಅದರ ಸಬ್ಜಂಕ್ಟಿವ್ (ಅಮಾವಿಸ್ಸೇಸ್). ಬಹುವಚನದಲ್ಲಿ ಮೂರು ರೂಪಗಳು ಒಂದರ ಮೇಲೊಂದು ಬೀಳುತ್ತವೆ: ಅಮಾವೇರುಂತ್ ‘ಪ್ರೀತಿಸಿದರು’, ಅಮಾವೆರಂತ್ ‘ಪ್ರೀತಿಸಿದ್ದರು’, ಅಮಾವೆರಿಂತ್ ‘(ಮುಂದೆ ಒಂದು ಹೊತ್ತಿಗೆ) ಪ್ರೀತಿಸಿರುವರು’ ಅಥವಾ ಪರ್ಫೆಕ್ಟಿನ ಸಬ್ಜಂಕ್ಟಿವ್. ‘ಎರುಂತ್’ ಎಂಬುದು ಬಿಡಿಪದವಾಗಿ ‘ಇರುವರು’ ಎಂಬ ಭವಿಷ್ಯತ್ ಆಗಿರುವುದರಿಂದ ಅಮಾವೇರುಂತ್ ಕೂಡ ಭವಿಷ್ಯತ್ ಎಂದು ತಪ್ಪುವವರು ಬಹಳ. ಏ ದೀರ್ಘವಾಗಿರುವುದನ್ನು ಗಮನಿಸಿದರೆ ತಪ್ಪುವುದಿಲ್ಲ.

ಸಬ್ಜಂಕ್ಟಿವ್‌ನ ಇನ್ನೊಂದು ಕಾಲ ಮಾತ್ರ ಪುಕ್ಕಟೆಯಾಗಿ ಸಿಗುತ್ತದೆ. ‘-ರೆ’ ರೂಪಕ್ಕೆ ನೇರವಾಗಿ ಬಾಲ ಅಂಟಿಸಿದರಾಯಿತು: ಅಮಾರೆ + ಮ್ = ಅಮಾರೆಮ್, ಮಿತ್ತೆರೆ + ಮ್ = ಮಿತ್ತೆರೆಮ್. ಹಟಮಾರಿ ಧಾತುಗಳಲ್ಲೂ ಇದು ಕೆಡುವುದಿಲ್ಲ: ಎಸ್ಸೆಮ್, ವೆಲ್ಲೆಮ್, ಫೆರ್ರೆಮ್. ಲ್ಯಾಟಿನ್ನಿನಲ್ಲಿ ಇಷ್ಟು ಪ್ರಾಮಾಣಿಕವಾದ ನಿಯಮ ಇನ್ನೊಂದು ನನಗೆ ಕಂಡಿಲ್ಲ.

ಈಗ ಹ್ರಸ್ವ ದೀರ್ಘದ ವಿಷಯ. ಕಲಿಕೆಯ ಪುಸ್ತಕಗಳು ದೀರ್ಘ ಸ್ವರದ ಮೇಲೆ ಅಡ್ಡಗೆರೆ ಹಾಕುತ್ತವೆ, ಮೂಲ ಕೃತಿಗಳ ಮುದ್ರಣಗಳು ಸಾಮಾನ್ಯವಾಗಿ ಹಾಕುವುದಿಲ್ಲ. ನಾನು ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುವುದು ಈ ಕಾರಣಕ್ಕೆ. ಎ ಏ, ಒ ಓ ಎರಡನ್ನೂ ನಮ್ಮ ಲಿಪಿ ಬೇರೆಬೇರೆಯಾಗಿ ಬರೆಯುತ್ತದೆ, ಸಂಸ್ಕೃತ ಬರೆಯುವ ನಾಗರಿಗೆ ಆ ಸೌಕರ್ಯ ಇಲ್ಲ. ವೆನಿತ್ ‘ಬರುತ್ತಾನೆ’, ವೇನಿತ್ ‘ಬಂದನು’. ಲೆಗಿತ್ ‘ಓದುತ್ತಾನೆ’, ಲೇಗಿತ್ ‘ಓದಿದನು’. ಮಿತ್ತೆರಿಸ್ ‘ಕಳುಹಿಸಲ್ಪಡುತ್ತೀಯೆ’, ಮಿತ್ತೇರಿಸ್ ‘ಕಳುಹಿಸಲ್ಪಡುವೆ’. ನಾಮಪದಗಳ ಜೊತೆಗಿನ ಗೊಂದಲವೂ ಇದರಿಂದ ಎಷ್ಟೋ ತಿಳಿಯಾಗುತ್ತದೆ: ದುಕೇಸ್ ‘ನಾಯಕರು’, ದೂಕೇಸ್ ‘ನಡೆಸುವೆ’. ಎಲ್ಲವೂ ಅಲ್ಲ. ಕನೇಸ್ ಎಂದರೆ ‘ನಾಯಿಗಳು’, ‘ಹಾಡುವೆ’ ಎಂಬುದೂ ಕನೇಸ್. ಸ್ವರವೂ ಒಂದೇ, ವಾಕ್ಯವೇ ದಿಕ್ಕು.

ಪದ್ಯದಲ್ಲಾದರೆ ಛಂದಸ್ಸು ಸಾಕ್ಷಿ ಹೇಳುತ್ತದೆ, ಲಘು ಗುರು ಹಾಕಿ ಪ್ರಸ್ತಾರ ಮಾಡಿದವರಿಗೆ ಇದು ಸಲೀಸು. ರೋಮನ್ ಕವಿ ವರ್ಜಿಲ್‌ನ ಈನಿಯಡ್ ಕಾವ್ಯದ ಎರಡನೆಯ ಸಾಲು, ಅಡ್ಡಗೆರೆ ಇಲ್ಲದೆ venit ಎಂದು ಮುದ್ರಿಸುವ, ವೆನಿತ್ ಎಂದೋ ವೇನಿತ್ ಎಂದೋ ಓದಬಹುದಾದ ಪದದಿಂದ ಮುಗಿಯುತ್ತದೆ. ಆ ಛಂದಸ್ಸಿನ ಆರನೆಯ ಗಣ ಗುರುವಿನಿಂದಲೇ ಆರಂಭವಾಗಬೇಕು, ಆದ್ದರಿಂದ ಅದು ವೇನಿತ್, ‘ಬಂದನು’. ಅದೇ ಕಾವ್ಯದ ಎರಡನೆಯ ಭಾಗ ‘ಕೊಂತಿಕುಏರೆ ಓಮ್ನೇಸ್’ ಎಂದು ತೆರೆಯುತ್ತದೆ. ‘-ರೆ’ ನೋಡಿದ ಕೂಡಲೇ ‘ಸುಮ್ಮನಾಗುವುದು’ ಎಂದು ಓದಿದರೆ ಸಾಲು ನಿಲ್ಲುವುದಿಲ್ಲ. -ಏರೆ ಎಂಬುದು -ಏರುಂತ್‌ನ ಇನ್ನೊಂದು ರೂಪ, ಕವಿಗಳಿಗೂ ಇತಿಹಾಸಕಾರರಿಗೂ ಪ್ರಿಯವಾದದ್ದು. ಹಿಂದಿರುವ -ಉ- ಪರ್ಫೆಕ್ಟಿನ ಕಾಂಡವನ್ನು ಬಿಟ್ಟುಕೊಡುತ್ತದೆ: ‘ಎಲ್ಲರೂ ಸುಮ್ಮನಾದರು’.

ಕೊನೆಯಲ್ಲಿ ರ ಕಂಡರೆ ಕರ್ಮಣಿ ಎಂಬ ನಿಯಮಕ್ಕೆ ದೊಡ್ಡ ಅಪವಾದ ಇದೆ. ಸೆಕ್ವಿತುರ್ ‘ಹಿಂಬಾಲಿಸುತ್ತಾನೆ’, ಲೊಕ್ವಿತುರ್ ‘ಮಾತಾಡುತ್ತಾನೆ’, ಮೊರಿತುರ್ ‘ಸಾಯುತ್ತಾನೆ’. ರೂಪ ಕರ್ಮಣಿ, ಅರ್ಥ ಕರ್ತರಿ. ಸಂಸ್ಕೃತದ ಆತ್ಮನೇಪದವನ್ನು ನೆನೆದರೆ ಗಾಬರಿ ಇಲ್ಲ, ಸೆಕ್ವಿತುರ್‌ಗೂ ‘ಸಚತೇ’ಗೂ ಮೂಲ ಒಂದೇ. ನಿಘಂಟಿನಲ್ಲಿ -ಓ ಬದಲು -ಒರ್ ಎಂದು ಕೊಟ್ಟಿದ್ದರೆ ಅದು ಈ ಜಾತಿಯ ಧಾತು. ಇನ್ನು ಮಿಸ್ಸುಸ್ ಎಸ್ತ್ ಎಂಬಂಥ ಜೋಡಿಪದ. ಎಸ್ತ್ ಎಂದರೆ ‘ಇದ್ದಾನೆ’ ಎಂದು ‘ಕಳುಹಿಸಲ್ಪಡುತ್ತಿದ್ದಾನೆ’ ಎಂದು ಓದಬೇಡಿ. ಅದು ‘ಕಳುಹಿಸಲ್ಪಟ್ಟನು’.

ಅಭ್ಯಾಸಕ್ಕೆ ನಾನು ಮೊದಲು ಎತ್ತಿಕೊಳ್ಳುವ ಪಠ್ಯ ಕ್ರೈಸ್ತರ ‘ಪಾತೆರ್ ನೊಸ್ತೆರ್’ ಪ್ರಾರ್ಥನೆ. 1960ರ ದಶಕದವರೆಗೆ ಮಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದುದರಿಂದ ಇದನ್ನು ಬಾಯಿಪಾಠ ಬಲ್ಲ ಹಿರಿಯರು ಆ ಕಡೆ ಸಿಕ್ಕಾರು. ಚಿಕ್ಕ ಪ್ರಾರ್ಥನೆಯಲ್ಲಿ ಒಂಬತ್ತು ಕ್ರಿಯಾರೂಪಗಳು: ಎಸ್, ಸಾಂಕ್ತಿಫಿಕೇತುರ್, ಅದ್ವೆನಿಅತ್, ಫೀಅತ್, ದಾ, ದೀಮಿತ್ತೆ, ದೀಮಿತ್ತಿಮುಸ್, ಇಂದೂಕಾಸ್, ಲೀಬೆರಾ. ಒಂದೊಂದನ್ನೂ ಒಂದು ಚೀಟಿಯ ಮುಂಬದಿಗೆ ಬರೆದು, ಹಿಂಬದಿಯಲ್ಲಿ ನಾಲ್ಕು ಉತ್ತರ ಬರೆಯಿರಿ: ಪುರುಷ ವಚನ, ಕಾಲ ಅಥವಾ ಅರ್ಥ, ಪ್ರಯೋಗ, ‘-ರೆ’ ರೂಪ. ನಾಲ್ಕನೆಯ ಉತ್ತರ ಬಾರದಿದ್ದರೆ ಮೊದಲ ಮೂರು ಸರಿಯಿದ್ದರೂ ನಾನು ಆ ಚೀಟಿಯನ್ನು ತಪ್ಪಿನ ಕಟ್ಟಿಗೇ ಸೇರಿಸುತ್ತೇನೆ. ಸಾಂಕ್ತಿಫಿಕೇತುರ್ ಮೊದಲ ಗಣದ್ದು ಎಂದು ಗೊತ್ತಿದ್ದರೆ ಮಾತ್ರ ಅದು ‘ಪವಿತ್ರವೆನಿಸಲಿ’. ಮೂರನೆಯದೆಂದುಕೊಂಡರೆ ಪ್ರಾರ್ಥನೆ ಹೋಗಿ ಭವಿಷ್ಯವಾಣಿಯಾಗುತ್ತದೆ. ಅದ್ವೆನಿಅತ್ ನಾಲ್ಕನೆಯ ಗಣದ್ದು, ಆದ್ದರಿಂದ ‘ಬರಲಿ’. ಅದರಂತೆಯೇ -ಇಅತ್ ಎಂದು ಮುಗಿಯುವ ನೂಂತಿಅತ್ ಮೊದಲ ಗಣದ್ದು, ‘ಸುದ್ದಿ ಹೇಳುತ್ತಾನೆ’ ಎಂಬ ಸಾದಾ ವರ್ತಮಾನ. ಈ ಎರಡು ಚೀಟಿಗಳನ್ನು ಕಟ್ಟಿನಲ್ಲಿ ಒಂದರ ಹಿಂದೆ ಒಂದಾಗಿ ಇಡಿ.

ದಿನಕ್ಕೆ ಹತ್ತು ಚೀಟಿ, ಹದಿನೈದು ನಿಮಿಷ ಸಾಕು. ತಪ್ಪಿದಾಗ ಎಲ್ಲಿ ತಪ್ಪಿತೆಂದು ಚೀಟಿಯ ಮೂಲೆಯಲ್ಲಿ ಒಂದಕ್ಷರ ಗುರುತು ಹಾಕಿ: ತುದಿಗೆ ‘ತು’, ಗುರುತಿಗೆ ‘ಗು’, ಕಾಂಡಕ್ಕೆ ‘ಕಾ’. ‘ತು’ ಹೆಚ್ಚಾದರೆ 18 ಪ್ರತ್ಯಯಗಳನ್ನು ಮತ್ತೆ ಕಲಸಿ ಓದಿ. ‘ಗು’ ಹೆಚ್ಚಾದರೆ ಗಣ ಗೊತ್ತಿಲ್ಲದೆ ಊಹಿಸುತ್ತಿದ್ದೀರಿ, ‘-ರೆ’ ರೂಪಗಳಿಗೆ ಹಿಂತಿರುಗಿ. ‘ಕಾ’ ಹೆಚ್ಚಾದರೆ ಮೂರನೆಯ ಗಣದ ಪರ್ಫೆಕ್ಟ್ ರೂಪಗಳನ್ನು ಒಂದೊಂದಾಗಿ ಕಲಿಯುವುದಲ್ಲದೆ ಬೇರೆ ದಾರಿಯಿಲ್ಲ. ‘ಹೊರು’ ಎಂಬರ್ಥದ ಫೆರೋ, ಫೆರ್ರೆ, ತುಲೀ, ಲಾತುಮ್ ಎಂಬುದಕ್ಕೆ ಯಾವ ಬಾಲವೂ ಸಹಾಯ ಮಾಡದು.