ಕನಿಷ್ಠ ವೇತನ ಸಿಗುತ್ತಿದೆಯಾ? ಹೀಗೆ ಲೆಕ್ಕ ಹಾಕಿ

ತಿಂಗಳ ಕೊನೆಗೆ ಖಾತೆಗೆ ಬಿದ್ದ ಮೊತ್ತ ನೋಡಿ ‘ಸರಿ ಇದೆ’ ಎಂದು ಸುಮ್ಮನಾಗುವವರೇ ಜಾಸ್ತಿ. ಆದರೆ ಆ ಮೊತ್ತದಲ್ಲಿ ಓಟಿ (ಹೆಚ್ಚುವರಿ ಗಂಟೆಗಳ ಕೆಲಸ) ದುಡ್ಡೂ ಸೇರಿರಬಹುದು, ಅಲ್ವಾ? ಕನಿಷ್ಠ ವೇತನ ಸಿಗಬೇಕಾದದ್ದು ಮಾಮೂಲಿ ಪಾಳಿಯ ದುಡಿಮೆಗೆ. ಓಟಿ ಅದರ ಮೇಲಿನದು. ಹಾಗಾಗಿ ಪೇ ಸ್ಲಿಪ್ ಕೈಗೆತ್ತಿಕೊಳ್ಳಿ.

ಮೊದಲು ನಿಮ್ಮ ದರ ಹುಡುಕಿ. 1948ರ ಕನಿಷ್ಠ ವೇತನ ಕಾಯ್ದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗಷ್ಟೇ ಅನ್ವಯಿಸುತ್ತಿತ್ತು. 2019ರ ವೇತನ ಸಂಹಿತೆ ಎಲ್ಲ ನೌಕರರಿಗೂ ಈ ಹಕ್ಕು ಕೊಟ್ಟಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಖಾಸಗಿ ವಲಯದ ಹೆಚ್ಚಿನ ಕೆಲಸಗಳಿಗೆ ದರ ನಿಗದಿ ಮಾಡುವುದು ರಾಜ್ಯ ಸರ್ಕಾರ. ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನಿಮ್ಮ ಉದ್ಯೋಗ, ನಿಮ್ಮ ಊರು ಬರುವ ವಲಯ, ನಿಮ್ಮ ಕೌಶಲದ ದರ್ಜೆ ನೋಡಿ. ಕುಶಲ ಕೆಲಸ ಮಾಡಿಸಿಕೊಂಡು ಅಕುಶಲ ಎಂದು ಬರೆದುಕೊಂಡಿದ್ದಾರಾ? ಅಲ್ಲೇ ದುಡ್ಡು ಸೋರಿಹೋಗುತ್ತದೆ.

ನಂತರ ಅಧಿಸೂಚನೆಯಲ್ಲಿರುವ ಮೂಲ ವೇತನಕ್ಕೆ ತುಟ್ಟಿಭತ್ಯೆ ಕೂಡಿಸಿ, ಓಟಿ ಬಿಟ್ಟು ಪೇ ಸ್ಲಿಪ್‌ನಲ್ಲಿರುವ ವೇತನದ ಜೊತೆ ಹೋಲಿಸಿ. ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರಬೇಕು. ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ಹೊಸ ದರ ಬರುತ್ತದೆ. ಮೇ ತಿಂಗಳಲ್ಲಿ ಸಿಗುವ ಏಪ್ರಿಲ್ ಸಂಬಳದಲ್ಲಿ ಆ ವ್ಯತ್ಯಾಸ ಕಾಣಲೇಬೇಕು. ದಿನಗೂಲಿ ತಿಳಿಯಲು ಮಾಸಿಕ ದರವನ್ನು 26ರಿಂದ ಭಾಗಿಸಿ. ಅದನ್ನು 8ರಿಂದ ಭಾಗಿಸಿದರೆ ಗಂಟೆಯ ದರ. ಓಟಿಗೆ ಅದರ ಎರಡು ಪಟ್ಟು. ಮಾಲೀಕರು ಕಟ್ಟುವ ಪಿಎಫ್ ಪಾಲನ್ನು ನಿಮ್ಮ ವೇತನ ಎಂದು ತೋರಿಸಿದರೆ ಒಪ್ಪಬೇಡಿ.

ಅಷ್ಟಕ್ಕೂ ಈ ದರ ಎಲ್ಲಿಂದ ಬರುತ್ತದೆ? 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಹಾಕಿಕೊಟ್ಟಿತು. ದುಡಿಯುವವರಿಗೆ 1, ಸಂಗಾತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6, ಹೀಗೆ ಒಟ್ಟು 3 ಪಾಲು. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲರಿ ಆಹಾರ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ, ಇತರೆ ಖರ್ಚಿಗೆ ಒಟ್ಟು ವೇತನದ ಶೇ 20. ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪಿನ ಕಾಲಕ್ಕೆಂದು ಇನ್ನೂ ಶೇ 25 ಸೇರಬೇಕು ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆಯಲ್ಲಿರುವ ವಯಸ್ಸಾದ ಅಪ್ಪ, ಅಮ್ಮ ಮಾತ್ರ ಆ 3 ಪಾಲಿನಲ್ಲಿ ಇಲ್ಲವೇ ಇಲ್ಲ. ಅವರ ತುತ್ತು ಉಳಿದವರ ತಟ್ಟೆಯಿಂದಲೇ ಬರಬೇಕು. ಸೂತ್ರದಲ್ಲಿ ಮೊದಲು ಸರಿಯಾಗಬೇಕಾದದ್ದು ಇದೇ ಎಂದು ನನಗನ್ನಿಸುತ್ತದೆ.

ಲೆಕ್ಕದಲ್ಲಿ ಕಡಿಮೆ ಬಂದರೆ ಬರವಣಿಗೆಯಲ್ಲೇ ಕೇಳಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಬಾಕಿ ಕೇಳಲು ಹೊಸ ಕಾನೂನು 3 ವರ್ಷ ಕಾಲ ಕೊಡುತ್ತದೆ. ವೇತನ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಆದರೂ ಹಾಜರಿಯ ಫೋಟೊ, ಬ್ಯಾಂಕ್ ಪಾಸ್‌ಬುಕ್, ಪಾಳಿಯ ಮೆಸೇಜ್ ಜೋಪಾನವಾಗಿರಲಿ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ.

ಇನ್ನೊಂದು ದಾರಿಯೂ ಇದೆ. ದರವನ್ನು ಪರಿಷ್ಕರಿಸುವಾಗ ಸರ್ಕಾರ ಕರಡು ಅಧಿಸೂಚನೆ ಹೊರಡಿಸಿದರೆ, ಆಕ್ಷೇಪಣೆಗೆ ಕನಿಷ್ಠ 2 ತಿಂಗಳು ಕೊಡಬೇಕು. ಮಾಲೀಕರ ಸಂಘಗಳು ಆಗ ತಪ್ಪದೆ ಬರೆಯುತ್ತವೆ. ನೀವೂ ಬರೆಯಿರಿ. ಜೊತೆಗೆ ನಿಮ್ಮ ಮನೆಯ ಒಂದು ತಿಂಗಳ ದಿನಸಿ ಚೀಟಿ, ಬಾಡಿಗೆ, ಶಾಲೆ ಫೀಸು, ಅಮ್ಮನ ಮಾತ್ರೆಯ ಬಿಲ್ಲು ಲಗತ್ತಿಸಿ.